ಒಂದು ಪದಕ್ಕೆ ಐದು ಸೆಕೆಂಡ್

ಮೇ 4, ಬೆಳಗ್ಗೆ

ಮಂಜು. ದೀಪ ಹಾಕಿಕೊಂಡೇ ಅಂಚೆ ಗಾಡಿಯಲ್ಲಿ ಊರು ಸುತ್ತಿದೆ. ನಲವತ್ತೊಂದು ಮನೆ. ಕುರಿಮರಿಗಳು ರಸ್ತೆಯ ಮೇಲೇ ಮಲಗಿವೆ. ಹಾರನ್ ಹೊಡೆದರೂ ಏಳವು. ಇಳಿದು ಒಂದೊಂದನ್ನೇ ಎತ್ತಿ ಬದಿಗಿಟ್ಟೆ. ಬಿಸಿ ಮೈ. ಕೈಯೊಳಗೆ ಪುಟ್ಟ ಎದೆ ಡಬಡಬ... ಅಷ್ಟು ಹೊತ್ತು ಎಲ್ಲಿಗೆ ಹೊರಟಿದ್ದೆ ಅನ್ನುವುದೇ ಮರೆತಿತ್ತು.

ಬೈಂತಾ ಮನೆಗೆ ಎರಡು ಕಾಗದ. ಡಬ್ಬಿಗೆ ಹಾಕಿದೆ. ಬಾಗಿಲು ತಟ್ಟಲಿಲ್ಲ. ಹೋದ ಜುಲೈಯಿಂದ ತಟ್ಟಿಲ್ಲ. ಅವಳ ಮಗಳು ಸುನ್ವಾ ಕಿಟಕಿಯಲ್ಲಿ ನಿಂತಿದ್ದಳು. ನನ್ನನ್ನು ಕಂಡು ಪರದೆ ಎಳೆದುಕೊಳ್ಳಲಿಲ್ಲ. ಎಳೆದುಕೊಂಡಿದ್ದರೆ ಸಲೀಸಾಗುತ್ತಿತ್ತು.

ಎಲ್ಸ್ಪಾ ಫೋನ್ ಮಾಡಿದ್ದಳು. ಅಣ್ಣನ ಮಗಳು, ಆದರೆ ಸ್ಪರ್ಧೆಯ ದೋಣಿಯ ವಿಷಯ ಬಂದರೆ ನನ್ನ ಯಜಮಾನಿ. ಐದು ಹುಟ್ಟಿಗೆ ಜನ ಇದ್ದಾರೆ, ಆರನೆಯದು ಖಾಲಿ ಅಂದಳು. ಗೊತ್ತು ಅಂದೆ.

ಮೇ 7

ದೋಣಿಮನೆಯಲ್ಲಿ ಸಭೆ. ನಮ್ಮ ದೋಣಿ ಟರ್ನಾನ್ ಚಳಿಗಾಲವೆಲ್ಲ ಅಂಗಾತ ಮಲಗಿ ಟಾರಿನ ವಾಸನೆ ಬರಿಸಿಕೊಂಡಿದ್ದಾಳೆ. ಅವಳ ಹೊಟ್ಟೆಗೆ ಬೆನ್ನು ಕೊಟ್ಟು ಕೂತೆವು, ಐದು ಹುಡುಗಿಯರು, ನಾನು. ಥರ್ಮಾಸ್ ಕಾಫಿ.

ಸ್ಪರ್ಧೆ ನಡೆಸುವ ಸಂಘದಿಂದ ಬಂದ ಕಾಗದವನ್ನು ಎಲ್ಸ್ಪಾ ಓದಿದಳು. ಈ ವರ್ಷವೂ ಅದೇ ನಿಯಮ. ಸ್ಪರ್ಧೆ ನಡೆಯುವಾಗ ದೋಣಿಯಲ್ಲಿ ಕೆಟ್ಟ ಮಾತು ಬಂದರೆ ಐದು ಸೆಕೆಂಡ್ ದಂಡ.

"ಕೆಟ್ಟ ಮಾತು ಅಂದ್ರೆ ಯಾವ್ಯಾವುದು? ಪಟ್ಟಿ ಕೊಟ್ಟಿದಾರಾ?" ಯಾರೋ ಕೇಳಿದರು.

"ಪಟ್ಟಿ ಕೊಟ್ರೆ ಅತ್ತೆ ಅದನ್ನ ಬಾಯಿಪಾಠ ಮಾಡ್ತಾಳೆ ಅಂತ ಕೊಟ್ಟಿಲ್ಲ," ಅಂದಳು ಎಲ್ಸ್ಪಾ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಛಾವಣಿಯ ಹುಲ್ಲಿನ ಮೇಲೆ ಹಕ್ಕಿ ಓಡಾಡುವ ಸದ್ದು ಕೇಳುತ್ತಿತ್ತು.

ಎಲ್ಸ್ಪಾಗೆ ಭುಜದ ಕೀಲು ಸವೆದಿದೆ. ಈ ಬೇಸಿಗೆ ಆದ ಮೇಲೆ ಹುಟ್ಟು ಮುಟ್ಟಬೇಡ ಅಂದಿದ್ದಾರೆ ಡಾಕ್ಟರು. ಇದು ಅವಳು ಹುಟ್ಟು ಹಾಕುವ ಎಂಟನೆಯ ಬೇಸಿಗೆ. ತೋರ್ಶಾವ್ನ್‌ನ ಓಲಾವ್ ಹಬ್ಬದ ದೋಣಿ ಸ್ಪರ್ಧೆಯಲ್ಲಿ ಒಮ್ಮೆಯೂ ಮೊದಲು ಬಂದಿಲ್ಲ. ಹೋದ ವರ್ಷ ಬಂದಿದ್ದೆವು — ಹತ್ತು ನಿಮಿಷದ ಮಟ್ಟಿಗೆ.

"ಸುನ್ವಾನ ಕರೀಬೇಕು. ಅವಳ ಥರ ಎಳೆಯೋರು ಈ ದಡದಲ್ಲೇ ಇಲ್ಲ," ಅಂದಳು ಎಲ್ಸ್ಪಾ.

"ಯಾರು ಹೋಗಿ ಕರೀತೀರಿ?" ಅಂದೆ.

ಐದು ಜನವೂ ನನ್ನ ಮುಖ ನೋಡಿದರು. ಹುಟ್ಟು ಹಾಕುವವರು ಹಿಮ್ಮುಖ ಕೂರುತ್ತಾರೆ. ಹೋಗುವ ದಾರಿ ಕಾಣುವುದು ಚುಕ್ಕಾಣಿ ಹಿಡಿದ ನನಗೆ ಮಾತ್ರ, ಅವರಿಗೆ ಕಾಣುವುದು ನನ್ನ ಮುಖ ಮಾತ್ರ. ಅಭ್ಯಾಸವಾಗಿಬಿಟ್ಟಿದೆ ಅವರಿಗೆ.

ಮೇ 8

ಹೋಗಲಿಲ್ಲ.

ಮೇ 9

ಗಾಳಿ. ಹೋಗಲಿಲ್ಲ.

ಮೇ 11, ಸಂಜೆ

ಹೋದ ಜುಲೈ 28ರ ಪುಟ ಖಾಲಿ ಬಿಟ್ಟಿದ್ದೆ. ಇವತ್ತು ಬರೆದುಬಿಡುತ್ತೇನೆ.

ಮುಕ್ಕಾಲು ಸೆಕೆಂಡ್ ಅಂತರದಲ್ಲಿ ಗೆದ್ದೆವು. ಕೊನೆಯ ನೂರು ಮೀಟರಿನಲ್ಲಿ ನಾನು ಕೂಗಿದ್ದು — ಎಳೀರೇ ಮುಂಡೇವಾ. ಎರಡು ಸಲ. ಅಪ್ಪ ಕೂಗುತ್ತಿದ್ದ ಹಾಗೆಯೇ. ನಮ್ಮೂರಲ್ಲಿ ಕುರಿಗೂ ಅದೇ ಮಾತು, ಮೊಮ್ಮಕ್ಕಳಿಗೂ ಅದೇ ಮಾತು, ಕೆಟ್ಟುನಿಂತ ಟ್ರ್ಯಾಕ್ಟರಿಗೂ ಅದೇ. ದಕ್ಷಿಣದ ದ್ವೀಪದಲ್ಲಿ ಮಾತ್ರ ಅದು ಹೊಲಸು. ಪಕ್ಕದ ದೋಣಿಯವರು ದೂರು ಕೊಟ್ಟರು. ತೀರ್ಪುಗಾರ ಹಾನುಸ್ ದಕ್ಷಿಣದವನು. ಮೋಟಾರು ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಿರಲಿಲ್ಲ. ಕಟ್ಟೆಗೆ ಬಂದು ನನ್ನನ್ನೇ ಮೊದಲು ಕೇಳಿದ.

"ಮಾಲನ್, ಏನಾದ್ರೂ ಅಂದೆಯಾ?"

"ನೆನಪಿಲ್ಲ," ಅಂದೆ.

ಹುಡುಗಿಯರನ್ನು ಕೇಳಿದ. ಐದು ಜನ ನೀರು ನೋಡಿದರು. ಸುನ್ವಾ ತಲೆ ಎತ್ತಿ, "ಅಂದ್ರು. ಎರಡು ಸಲ," ಅಂದಳು.

ಐದು ಸೆಕೆಂಡ್. ಎರಡು ಸಲ ಅಂದರೂ ಪದ ಒಂದೇ, ದಂಡವೂ ಒಂದೇ. ಮೊದಲಿದ್ದವರು ನಾಲ್ಕನೆಯವರಾದೆವು. ಮನೆಗೆ ಬರುವ ದಾರಿಯಲ್ಲಿ ಯಾರೂ ಅವಳ ಪಕ್ಕ ಕೂರಲಿಲ್ಲ. ನಾನೂ ಕೂರಲಿಲ್ಲ. ಪ್ರಾರ್ಥನಾ ಮಂದಿರಕ್ಕೆ ಹೋಗುವ ಹುಡುಗಿ, ಭಕ್ತಿ ಜಾಸ್ತಿ ಅಂದಿತು ಊರು. ಅವಳು ಹೇಳಿದ್ದು ನನ್ನ ಬಾಯಲ್ಲಿ ಬರಬೇಕಾಗಿದ್ದ ಮಾತು. ಇದನ್ನು ಯಾರೂ ಅನ್ನಲಿಲ್ಲ.

ಬರೆದಾಯಿತು.

ಮೇ 15

ಹೋದೆ. ಕಾಗದ ಇರಲಿಲ್ಲ, ಬರಿಗೈಯಲ್ಲಿ ಹೋದೆ.

ಬೈಂತಾ ಬಾಗಿಲು ತೆಗೆದಳು. "ಅಂತೂ ಡಬ್ಬಿ ಬಿಟ್ಟು ಬಾಗಿಲಿಗೆ ಬಂದೆ. ಬಾ, ರೂಬಾರ್ಬ್ ಕೇಕು ಇದೆ," ಅಂದಳು. ಅಡಿಗೆಮನೆಯಲ್ಲಿ ಸುನ್ವಾ ಉಣ್ಣೆ ಸುತ್ತುತ್ತಿದ್ದಳು. ಏಳಲಿಲ್ಲ. ಕಿಟಕಿಯಾಚೆ ಕೊಲ್ಲಿ, ಅದರ ಮೇಲೆ ತೆಳ್ಳಗೆ ಹಾಲಿನ ಕೆನೆ ಹಾಗೆ ಬೆಳಕು.

ಸುತ್ತಿಬಳಸಿ ಮಾತಾಡಲು ಬರಲಿಲ್ಲ. "ನೀನು ವಾಪಸ್ ಬರ್ಬೇಕು," ಅಂದೆ.

"ನಾನು ಬಿಟ್ಟಿರ್ಲಿಲ್ಲ. ಸೆಪ್ಟೆಂಬರಲ್ಲಿ ಜಿಮ್ ಪ್ರಾಕ್ಟೀಸ್ ಇದೆ ಅಂತ ನಂಗೆ ಯಾರೂ ಹೇಳ್ಲಿಲ್ಲ, ಅಷ್ಟೇ," ಅಂದಳು.

ಕೇಕಿನ ತಟ್ಟೆ ಪಕ್ಕಕ್ಕೆ ಸರಿಸಿದೆ.

"ಬೈಯಲ್ಲ ಅಂತ ಮಾತು ಕೊಡ್ತೀನಿ. ದೇವರ ವಿಷಯದಲ್ಲಿ ನಿನಗೆ ಇರೋ..."

"ದೇವರಿಗೂ ಅದಕ್ಕೂ ಸಂಬಂಧ ಇಲ್ಲ, ಮಾಲನಕ್ಕ. ದರಿದ್ರ ಅನ್ನಿ, ಹಾಳಾಗಿಹೋಗಿ ಅನ್ನಿ, ಶನಿ ಅನ್ನಿ, ನಂಗೇನೂ ಆಗಲ್ಲ. ಆ ಪದದ ಒಳಗೆ ಏನಿದೆ ಅಂತ ಯಾವತ್ತಾದ್ರೂ ನೋಡಿದೀರಾ? ಗಂಡ ಸತ್ತವಳ ಮಕ್ಕಳು ಅಂತ ತಾನೇ? ಆ ದೋಣಿಯಲ್ಲಿ ಅಂಥವಳು ನಾನೊಬ್ಬಳೇ."

ಬೈಂತಾಳ ಗಂಡ ಹೋಗಿ ಹದಿನೆಂಟು ವರ್ಷ. ಮೀನಿನ ಹಡಗು ವಾಪಸ್ ಬರಲಿಲ್ಲ. ಸುನ್ವಾಗೆ ಆಗ ನಾಲ್ಕು. ನನಗೆ ಗೊತ್ತಿರದ ವಿಷಯವೇನಲ್ಲ, ಆ ಮನೆಗೆ ಬಂದ ಸಾಂತ್ವನದ ಕಾಗದಗಳನ್ನೆಲ್ಲ ಹಂಚಿದ್ದೇ ನಾನು. ಆದರೆ ಆ ಪದವನ್ನು ಬಿಚ್ಚಿ ಒಳಗೆ ನೋಡಿರಲಿಲ್ಲ. ಬಾಯಲ್ಲಿ ಹುಟ್ಟಿದ ಪದ, ಹಲ್ಲಿನ ಹಾಗೆ ಇತ್ತು.

ಬೈಂತಾ ಕಾಫಿ ಬಗ್ಗಿಸುತ್ತಾ ಅಂದಳು, "ಮುಂಡೆ ನಾನು. ನಂಗೇ ಬೇಜಾರಿಲ್ಲ, ಇವಳಿಗ್ಯಾಕೋ. ನಿಮ್ಮಪ್ಪ ದಿನಕ್ಕೆ ನೂರು ಸಲ ಅಂತಿದ್ರು ಕಣೇ ಮಾಲನ್."

"ಆಗ ನೀನು ಅದು ಆಗಿರ್ಲಿಲ್ಲ ಅಮ್ಮ," ಅಂದಳು ಸುನ್ವಾ, ಮೆಲ್ಲಗೆ.

ಬೈಂತಾ ಕಾಫಿ ಬಟ್ಟಲನ್ನೇ ನೋಡುತ್ತಾ ನಿಂತಳು. ತುಂಬಿ ಚೆಲ್ಲಿತು.

ಹೊರಡುವಾಗ ಬಾಗಿಲ ತನಕ ಬಂದ ಸುನ್ವಾ ಕೇಳಿದಳು, "ಎಷ್ಟು ಗಂಟೆಗೆ ಪ್ರಾಕ್ಟೀಸು?"

ಮೇ 18

ಆರೂ ಜನ. ಸುನ್ವಾ ತನ್ನ ಹಳೆಯ ಜಾಗದಲ್ಲಿ ಕೂತಳು, ನನ್ನ ಎದುರೇ, ಮೊಣಕಾಲಿಗೆ ಮೊಣಕಾಲು. ಉಳಿದವರು ಅವಳ ಬೆನ್ನು ನೋಡಿಕೊಂಡು ಲಯ ಹಿಡಿಯಬೇಕು.

ಹೊಸ ಮಾತುಗಳನ್ನು ಪ್ರಯತ್ನಿಸಿದೆ. "ಎಳೀರಮ್ಮಾ" — ಆಸ್ಪತ್ರೆಯ ನರ್ಸ್ ಹಾಗಾಯಿತು. "ಎಳೀರಿ ಬಂಗಾರಗಳಾ" — ಎಲ್ಸ್ಪಾ ನಕ್ಕು ಹುಟ್ಟು ತಪ್ಪಿಸಿದಳು. ಮೀನಿನ ಹೆಸರು ಹಿಡಿದು ಕರೆದೆ. "ಎಳೀರೇ ಕಾಡ್ ಮೀನುಗಳಾ."

"ಅತ್ತೆ, ಇದಕ್ಕಿಂತ ಬೈಸ್ಕೊಳ್ಳೋದೇ ವಾಸಿ."

ಸುನ್ವಾ ಕೂಡ ನಕ್ಕಳು. ಹತ್ತು ತಿಂಗಳಾಗಿತ್ತು ಆ ನಗು ಕಂಡು. ನಗುವಾಗ ಮೂಗು ಸುಕ್ಕಾಗುತ್ತದೆ, ಮರೆತೇಹೋಗಿತ್ತು.

ಆಮೇಲೆ ಕೊಲ್ಲಿಯ ನಡುವೆ ಸುಮ್ಮನೆ ನಿಂತೆವು. ಹುಟ್ಟಿನ ತುದಿಯಿಂದ ಹನಿ ಬೀಳುವ ಸದ್ದು, ಆರು ಕಡೆಯಿಂದ. ಬೆಟ್ಟ ನೀರೊಳಗೆ ತಲೆಕೆಳಗಾಗಿ ನಿಂತಿತ್ತು. ನಾವು ಅದರ ತುದಿಯ ಮೇಲೆ ತೇಲುತ್ತಿದ್ದೆವು.

ಮೇ 26

ಕನಸು. ನೀರಿನ ಮೇಲೆ ಪದಗಳು ತೇಲುತ್ತಿದ್ದವು, ನಿದ್ದೆ ಹೋದ ಬಾತುಗಳ ಹಾಗೆ. ಅಪ್ಪ ದೋಣಿಯ ಮೂತಿಯಲ್ಲಿ ಕೂತು ಬಲೆಯಿಂದ ಒಂದೊಂದನ್ನೇ ಎತ್ತಿ ನೋಡಿ ಮತ್ತೆ ನೀರಿಗೆ ಬಿಡುತ್ತಿದ್ದ. "ಇದು ಚಿಕ್ಕದು," ಅನ್ನುತ್ತಿದ್ದ. "ಇನ್ನೂ ಬೆಳೀಲಿ."

ಎದ್ದ ಮೇಲೆ ಬಹಳ ಹೊತ್ತು ಹಾಸಿಗೆಯಲ್ಲೇ ಇದ್ದೆ. ಅಪ್ಪನ ಮುಖ ಮಸುಕಾಗುತ್ತಿದೆ. ದನಿ ಮಾತ್ರ ಇದೆ, ಅದೂ ಬೈಗುಳದಲ್ಲಿ. ಅಪ್ಪ ಪ್ರೀತಿ ತೋರಿಸಿದ್ದೆಲ್ಲ ಆ ಪದಗಳಲ್ಲೇ. ಅವನ್ನು ಬಿಟ್ಟರೆ ಅಪ್ಪನೂ ಹೋಗುತ್ತಾನೆ ಅನ್ನಿಸುತ್ತದೆ. ಇದನ್ನು ಹುಡುಗಿಯರಿಗೆ ಹೇಳುವುದಾದರೂ ಹೇಗೆ.

ಜೂನ್ 22

ಮೊದಲ ಸ್ಪರ್ಧೆ, ಪೂರ್ವದ ಕೊಲ್ಲಿಯಲ್ಲಿ. ಏಳು ದೋಣಿ. ಆರನೆಯವರಾಗಿ ಬಂದೆವು.

ಕೆಟ್ಟ ಮಾತು ಒಂದೂ ಬರಲಿಲ್ಲ. ಯಾವ ಮಾತೂ ಬರಲಿಲ್ಲ. ಬಾಯಿ ತೆರೆದರೆ ಆ ಪದವೇ ನಾಲಗೆ ತುದಿಯಲ್ಲಿ ಸಾಲಿನಲ್ಲಿ ಮೊದಲು ನಿಂತಿರುತ್ತಿತ್ತು. ಹಲ್ಲು ಕಚ್ಚಿಕೊಂಡು ಲೆಕ್ಕ ಮಾತ್ರ ಹೇಳಿದೆ. ಒಂದು, ಎರಡು. ಒಂದು, ಎರಡು.

ದಡದಲ್ಲಿ ಎಲ್ಸ್ಪಾ ಭುಜಕ್ಕೆ ಐಸ್ ಕಟ್ಟಿಕೊಂಡು ಕೂತಿದ್ದಳು. "ಶವ ಹೊತ್ಕೊಂಡು ಹೋದಂಗಿತ್ತು ಅತ್ತೆ," ಅಂದಳು. ಕೋಪದಲ್ಲಿ ಅಲ್ಲ. ಅದೇ ಹೆಚ್ಚು ನೋವಾಯಿತು.

ಜೂನ್ 24

ಸುನ್ವಾ ಅಂಚೆ ಗಾಡಿ ಹತ್ತಿದಳು. ಸುರಂಗದಾಚೆಯ ಊರಿಗೆ ಹೋಗಬೇಕಿತ್ತಂತೆ. ಸುಳ್ಳು ಇರಬೇಕು, ಅಲ್ಲಿ ಇಳಿಯಲೇ ಇಲ್ಲ. ನನ್ನ ಜೊತೆ ಮನೆ ಮನೆ ಸುತ್ತಿದಳು, ಕಾಗದ ಹಾಕಲು ಓಡಿ ಓಡಿ ಇಳಿಯುತ್ತಿದ್ದಳು.

ಸುರಂಗದ ಒಳಗೆ, ಕತ್ತಲಲ್ಲಿ, ಅಂದಳು: "ನೀವು ನಮ್ಮನ್ನ ನೋಡ್ತಾನೇ ಇಲ್ಲ."

"ನೋಡ್ತೀನಲ್ಲ."

"ಇಲ್ಲ. ನಿಮ್ಮ ಬಾಯಿ ಕಾಯ್ತಾ ಕೂತಿದೀರಿ. ನಾನು ಎದುರಿಗೇ ಕೂತಿರ್ತೀನಿ, ಗೊತ್ತಾಗತ್ತೆ. ಹೋದ ವರ್ಷ ಬೈತಿದ್ರಿ, ಆದ್ರೆ ನೋಡ್ತಿದ್ರಿ. ಯಾರು ಸುಸ್ತಾದ್ರು, ಯಾರ ಹುಟ್ಟು ತಡ ಆಯ್ತು, ಎಲ್ಲಾ ಕಾಣ್ತಿತ್ತು ನಿಮಗೆ."

ಸುರಂಗ ಮುಗಿದು ಬೆಳಕು ಮುಖಕ್ಕೆ ಹೊಡೆಯಿತು.

"ಹೆಸರು ಹಿಡಿದು ಕರೀರಿ," ಅಂದಳು ಆಮೇಲೆ. "ಆರು ಹೆಸರಿದೆ. ಸಾಕಾಗಲ್ವಾ?"

ಜುಲೈ 6

ಎರಡನೆಯ ಸ್ಥಾನ. ಎರಡನೆಯ ಸ್ಥಾನ. ಇನ್ನೊಂದು ಸಲ ಬರೆದರೂ ತಪ್ಪಿಲ್ಲ.

ಹೆಸರುಗಳನ್ನೇ ಕೂಗಿದೆ. ಹೆಸರಿಗೆ ಒಂದೊಂದು ಎಳೆತ. ಎಲ್ಸ್ಪಾ — ಹೂಂ. ಸುನ್ವಾ — ಹೂಂ. ಒಬ್ಬೊಬ್ಬಳ ಹೆಸರು ಬಂದಾಗಲೂ ಅವಳ ಬೆನ್ನು ಒಂದು ಚೂರು ಉದ್ದವಾಗುತ್ತಿತ್ತು. ಎಲ್ಲರ ಹೆಸರನ್ನೂ ಅವರು ಹುಟ್ಟಿದಾಗಿನಿಂದ ಬಲ್ಲೆ. ಅವರ ಹೆಸರಿಗೆ ಬಂದ ಕಾಗದ ಎಷ್ಟೊಂದು ಹಂಚಿದ್ದೇನೆ. ಹೀಗೆ ಜೋರಾಗಿ ಕರೆದಿರಲಿಲ್ಲ.

ಹಾನುಸ್ ಕಟ್ಟೆಯಲ್ಲಿ ಸಿಕ್ಕಿದ. ಟೋಪಿ ಎತ್ತಿದ. "ಏನು ಮಾಲನ್, ಬಾಯಿ ತೊಳ್ಕೊಂಡು ಬಂದಿದೀಯ."

"ನಿನ್ನ ಕಿವಿ ತೊಳ್ಸೋಕೆ ಆಗಲ್ವಲ್ಲ, ಅದಕ್ಕೆ."

ನಕ್ಕ. ಕೆಟ್ಟವನಲ್ಲ. ಬೇಕಾಗಿಯೇ ಕೇಳಿದೆ, ಮೆಲ್ಲಗೆ ಅಂದರೂ ದಂಡವೇ ಅಂತ. ತಲೆ ಕೆರೆದುಕೊಂಡ.

"ಪುಸ್ತಕದಲ್ಲಿ 'ಬಂದರೆ' ಅಂತಿದೆ. 'ಕೇಳಿಸಿದರೆ' ಅಂತ ಬರೆದಿಲ್ಲ. ಆದ್ರೆ ಕೇಳಿಸದೇ ಇದ್ದದ್ದನ್ನ ನಾನೆಲ್ಲಿ ಹಿಡೀಲಿ?"

ಜುಲೈ 17

ಪ್ರಾಕ್ಟೀಸು. ಈಜು ಬಾರದ ಬಿಸಿಲು, ನೀರಿನ ಮೇಲೇ ಕೂತಿದೆ. ಎಲ್ಸ್ಪಾ ಮಾತ್ರೆ ನುಂಗಿ ಬರುತ್ತಾಳೆ. ಸುನ್ವಾ ಅವಳಿಗೆ ಭುಜ ಉಜ್ಜಿಕೊಡುತ್ತಾಳೆ, ಕುರಿಕೊಬ್ಬಿನ ಮುಲಾಮು ಹಚ್ಚಿ. ಹೋದ ಚಳಿಗಾಲವೆಲ್ಲ ಇಬ್ಬರೂ ಅಂಗಡಿಯಲ್ಲಿ ಎದುರಾದರೆ ಬೇರೆ ಸಾಲಿಗೆ ಹೋಗುತ್ತಿದ್ದವರು.

ನಾಳೆಯಿಂದ ಬರೆಯಲು ಹೊತ್ತು ಸಿಗದು.

ಜುಲೈ 28, ಬೆಳಗ್ಗೆ ಏಳು

ತೋರ್ಶಾವ್ನ್. ಮಂಜು. ಬಂದರಿನಾಚೆಯ ದ್ವೀಪವೇ ಇಲ್ಲ. ರೇವಿನಲ್ಲಿ ಜರಿ ಶಾಲು, ಬೆಳ್ಳಿ ಗುಂಡಿ ತೊಟ್ಟ ಜನ ಮಂಜಿನೊಳಗಿಂದ ಬಂದು ಮಂಜಿನೊಳಗೇ ಹೋಗುತ್ತಿದ್ದಾರೆ. ಸ್ಪರ್ಧೆ ನಡೆಸುತ್ತಾರೋ ಇಲ್ಲವೋ. ಎಲ್ಸ್ಪಾ ಒಬ್ಬಳೇ ದಡದಲ್ಲಿ ನಿಂತು ಕೈ ತಿರುಗಿಸುತ್ತಿದ್ದಾಳೆ. ಮಾತಾಡಿಸಲಿಲ್ಲ.

ಜುಲೈ 28, ಸಂಜೆ

ಕ್ರಮವಾಗಿ ಬರೆಯಬೇಕು.

ಮೂರು ಗಂಟೆಗೆ ಮಂಜು ಸ್ವಲ್ಪ ಮೇಲೆದ್ದಿತು, ದೋಣಿಗಳನ್ನು ಬಿಟ್ಟರು. ಅರ್ಧ ದಾರಿಗೆ ಮತ್ತೆ ಇಳಿಯಿತು. ಪಕ್ಕದ ದೋಣಿಗಳು ಕಾಣದಾದವು. ಸದ್ದು ಮಾತ್ರ... ಬಲಗಡೆ ಯಾರದೋ ಹುಟ್ಟು, ಎಡಗಡೆ ಯಾರದೋ ಉಸಿರು. ತೀರ್ಪುಗಾರರ ಮೋಟಾರು ಎಲ್ಲೋ ಹಿಂದೆ, ನಿದ್ದೆಯಲ್ಲಿ ಕೇಳುವ ಹಾಗೆ. ನೀರು ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಗಿದೆ ಗೊತ್ತಾಗುತ್ತಿರಲಿಲ್ಲ. ನನಗೆ ಭಯವಾಗಬೇಕಿತ್ತು. ಆಗಲಿಲ್ಲ. ಆರು ಮುಖ ಕಾಣುತ್ತಿದ್ದವು, ಅಷ್ಟೇ ಲೋಕ. ಹೆಸರು ಕೂಗುತ್ತಾ ಹೋದೆ.

ಕೊನೆಯ ಇನ್ನೂರು ಮೀಟರ್ ಇರಬೇಕು. ಸುನ್ವಾಳ ಮುಖ ಬೂದಿಬಣ್ಣಕ್ಕೆ ತಿರುಗಿತು. ಕಣ್ಣು ಮುಚ್ಚಿಕೊಂಡಳು. ಹುಟ್ಟು ಅರ್ಧ ಕ್ಷಣ ತಡ, ಆಮೇಲೆ ಇನ್ನೂ ತಡ. ಹಿಂದಿನ ಐದು ಜನ ಅವಳನ್ನೇ ನಂಬಿ ಎಳೆಯುವವರು, ಅವರೂ ಸಡಿಲವಾದರು. ಹೆಸರು ಕರೆದೆ. ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಕರೆದೆ. ಅವಳು ಎಲ್ಲೋ ದೂರದಲ್ಲಿದ್ದಳು.

ಆಗ ಮುಂದಕ್ಕೆ ಬಾಗಿದೆ. ನನ್ನ ಹಣೆ ಅವಳ ಹಣೆಗೆ ತಾಕುವಷ್ಟು. ಕೂಗಲಿಲ್ಲ. ಕಿವಿಯ ಹತ್ತಿರ, ಜ್ವರ ಬಂದ ಮಗುವನ್ನು ಎಬ್ಬಿಸುವ ಹಾಗೆ —

"ಏಳು ಮುಂಡೇದೇ. ಮನೆ ಬಂತು."

ಯೋಚಿಸಿ ಅಂದದ್ದಲ್ಲ. ಬಂತು.

ಕಣ್ಣು ತೆರೆದಳು. ನನ್ನನ್ನೇ ನೋಡಿದಳು. ಎಳೆದಳು. ದೋಣಿ ಮುಂದಕ್ಕೆ ಹಾರಿದ್ದು ನನ್ನ ಬೆನ್ನೆಲುಬಿಗೆ ಗೊತ್ತಾಯಿತು.

ಎರಡು ಸೆಕೆಂಡ್ ಅಂತರದಲ್ಲಿ ಮೊದಲು.

ಕಟ್ಟೆಯಲ್ಲಿ ಯಾರ ಕೈ ಯಾರ ಕೊರಳು ತಿಳಿಯದ ಹಾಗೆ ತಬ್ಬಿಕೊಂಡೆವು. ಎಲ್ಸ್ಪಾ ನೆಲದ ಮೇಲೆ ಕೂತು ಅತ್ತಳು, ಒಳ್ಳೆಯ ಕೈಯಲ್ಲಿ ಕೆಟ್ಟ ಕೈ ಹಿಡಿದುಕೊಂಡು. ಎಂಟು ಬೇಸಿಗೆ.

ಸುನ್ವಾಳನ್ನು ದೋಣಿಗಳ ಹಿಂದಕ್ಕೆ ಕರೆದುಕೊಂಡು ಹೋದೆ.

"ಕೇಳಿಸ್ತಾ?"

"ಹೂಂ."

"ತಪ್ಪಾಯ್ತು. ಮಾತು ಕೊಟ್ಟಿದ್ದೆ."

ಒದ್ದೆ ಕೂದಲು ಹಿಂಡಿಕೊಳ್ಳುತ್ತಾ ನಿಂತಿದ್ದಳು. "ಈ ಸಲ ಬೈದಂಗಿರ್ಲಿಲ್ಲ," ಅಂದಳು. "ಕರೆದಂಗಿತ್ತು."

"ಬೇರೆ ಯಾರಿಗಾದ್ರೂ..."

"ಇಲ್ಲ. ನಂಗೊಬ್ಬಳಿಗೇ."

"ಹೇಳ್ತೀಯಾ?"

"ನನ್ನನ್ನ ಯಾರೂ ಕೇಳಿಲ್ಲ ಮಾಲನಕ್ಕ."

ನಗುತ್ತಲೇ ಅಂದಳು. ಆದರೆ ಕಣ್ಣು ನಗಲಿಲ್ಲ. ಯಾರಾದರೂ ಕೇಳಿದರೆ ಏನು ಹೇಳುತ್ತಾಳೆ ಅನ್ನುವುದು ನನಗೂ ಗೊತ್ತು, ಅವಳಿಗೂ ಗೊತ್ತು. ಮತ್ತೆ ಅವಳೇ ಹೇಳಬೇಕಾಗುತ್ತದೆ. ಯಾರೂ ಕೇಳದಿದ್ದರೆ ಅವಳೇ ಹೊತ್ತುಕೊಂಡು ತಿರುಗಬೇಕಾಗುತ್ತದೆ. ಎರಡರಲ್ಲೂ ಅವಳೇ.

ಹಾನುಸ್ ಗೋದಾಮಿನ ಮೆಟ್ಟಿಲ ಮೇಲೆ ಕೂತು ಒಣಮಾಂಸ ಇಟ್ಟ ಬ್ರೆಡ್ ತಿನ್ನುತ್ತಿದ್ದ.

"ಹಾನುಸ್, ಒಂದು ಪದ ಬಂತು."

"ಯಾರ ದೋಣೀಲಿ?"

"ನಮ್ಮದರಲ್ಲಿ. ನನ್ನ ಬಾಯಿಂದ."

ಅಗಿಯುವುದು ನಿಲ್ಲಿಸಿದ. "ದೂರು ಬಂದಿಲ್ಲ. ನಂಗೆ ಕೇಳಿಸ್ಲಿಲ್ಲ. ಹೋಗು, ಹುಡುಗೀರು ಕಾಯ್ತಿದಾರೆ."

"ಹೋದ ವರ್ಷ ನೀನು ನನ್ನನ್ನ ಕೇಳ್ದೆ. ನೆನಪಿಲ್ಲ ಅಂದೆ. ನೆನಪಿತ್ತು."

ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟ. "ಬರ್ಕೊಂಡ್ರೆ ಅಳಿಸೋಕಾಗಲ್ಲ, ಮಾಲನ್."

"ಗೊತ್ತು."

"ಪದ?"

ಹೇಳಿದೆ. ಹಗಲಲ್ಲಿ, ನಿಧಾನಕ್ಕೆ, ಅಕ್ಷರ ಅಕ್ಷರ ಬಿಡಿಸಿ. ಜೋಬಿನಿಂದ ಪೆನ್ನು ತೆಗೆದ. ಬರೆಯುವಾಗ ಅವನ ಕಿವಿ ಕೆಂಪಾಯಿತು. "ನಮ್ಮಮ್ಮ ಇದನ್ನ ಕೇಳಿದ್ರೆ ಹಲ್ಲು ಉದುರ್ಸ್ತಿದ್ಲು," ಅಂದ. ಸ್ವಲ್ಪ ತಡೆದು, "ಅವಳಿಗೂ ಗಂಡ ಇರ್ಲಿಲ್ಲ."

ಮೂರನೆಯ ಸ್ಥಾನ.

ಹುಡುಗಿಯರಿಗೆ ನಾನೇ ಹೇಳಿದೆ. ಎಲ್ಸ್ಪಾ ಎದ್ದು ನಿಂತಳು.

"ಯಾರಿಗೂ ಕೇಳಿಸಿರ್ಲಿಲ್ಲ."

"ಇಲ್ಲ."

"ಯಾರೂ ಕೇಳ್ಲಿಲ್ಲ."

"ಇಲ್ಲ."

"ನಂಗೆ ಇನ್ನೊಂದು ಬೇಸಿಗೆ ಇಲ್ಲ ಅಂತ ಗೊತ್ತಿತ್ತಲ್ಲ ಅತ್ತೆ ನಿಂಗೆ."

ಗೊತ್ತಿತ್ತು. ಅದನ್ನೇ ಅಂದೆ. ಅವಳು ಒಬ್ಬಳೇ ನಡೆದು ಹೋದಳು, ಹಬ್ಬದ ಜನದೊಳಗೆ. ಅವಳ ಕೆಂಪು ಟೋಪಿ ಎಷ್ಟು ಹೊತ್ತು ಕಂಡಿತೋ ಅಷ್ಟು ಹೊತ್ತು ನೋಡಿದೆ.

ಜುಲೈ 29

ಕೆಲಸಕ್ಕೆ ರಜೆ. ಊರು ಖಾಲಿ. ಕೊಲ್ಲಿ ಗಾಜಿನ ಹಾಗಿತ್ತು. ಎದುರು ದಡದಲ್ಲಿ ಯಾರೋ ಬಾಗಿಲು ಮುಚ್ಚಿದ ಸದ್ದು ಇಲ್ಲಿಗೆ ಕೇಳಿಸಿತು. ಸರಿ ಮಾಡಿದೆನಾ ಅಂತ ಕೇಳಿಕೊಂಡೆ. ಸರಿ. ಎಲ್ಸ್ಪಾಗೆ ಸರಿ ಮಾಡಿದೆನಾ. ಇಲ್ಲ. ಎರಡೂ ಉತ್ತರ ಅಡಿಗೆಮನೆಯಲ್ಲಿ ಎದುರೆದುರು ಕೂತಿವೆ, ಒಂದಕ್ಕೊಂದು ಮಾತಿಲ್ಲ.

ಜುಲೈ 31

ಅಣ್ಣನ ಮನೆಯ ಕಾಗದ ಡಬ್ಬಿಗೆ ಹಾಕಿದೆ. ಒಂದು ಕ್ಷಣ ನಿಂತೆ. ಬಾಗಿಲು ತಟ್ಟಿದೆ. ಎಲ್ಸ್ಪಾಳ ಬೂಟು ಹೊಸ್ತಿಲಲ್ಲೇ ಇತ್ತು. ಯಾರೂ ತೆಗೆಯಲಿಲ್ಲ.

ಆಗಸ್ಟ್ 1

ತಟ್ಟಿದೆ. ಇಲ್ಲ.

ಆಗಸ್ಟ್ 2

ತಟ್ಟಿದೆ. ಅತ್ತಿಗೆ ಕಿಟಕಿ ತೆಗೆದು, "ನಿದ್ದೆ ಮಾಡ್ತಿದಾಳೆ," ಅಂದಳು. ಅವಳ ಬೆನ್ನ ಹಿಂದೆ ರೇಡಿಯೋ ಜೋರಾಗಿ ಹಾಡುತ್ತಿತ್ತು.

ಪರವಾಗಿಲ್ಲ. ಹತ್ತು ತಿಂಗಳು ತಟ್ಟದೇ ಇದ್ದವಳು ನಾನು. ತಟ್ಟುತ್ತಿರುತ್ತೇನೆ.

ಆಗಸ್ಟ್ 5

ಬೈಂತಾ ದಾರಿಯಲ್ಲಿ ನನ್ನ ಗಾಡಿ ನಿಲ್ಲಿಸಿದಳು. ಕಿಟಕಿಯೊಳಕ್ಕೆ ಕೈಹಾಕಿ ಉಣ್ಣೆ ಕೈಗವಸು ಒಂದು ಜೊತೆ ಸೀಟಿನ ಮೇಲಿಟ್ಟಳು. "ಚುಕ್ಕಾಣಿ ಹಿಡಿಯೋಕೆ," ಅಂದಳು.

"ಮುಂದಿನ ವರ್ಷ ನನ್ನನ್ನ ಕೂರಿಸ್ಕೋತಾರೋ ಇಲ್ವೋ."

"ಕುರಿ ಹಿಡಿಯೋಕಾದ್ರೂ ಆಗತ್ತೆ, ಇಟ್ಕೋ." ಆಮೇಲೆ, ಹೊರಟವಳು ತಿರುಗಿ, "ಆ ಹುಡುಗಿ ಮನೇಲಿ ಹಾಡ್ಕೊಂಡು ಓಡಾಡ್ತಿದೆ ಮಾಲನ್. ಒಂದು ವರ್ಷ ಆಗಿತ್ತು."

ಆಗಸ್ಟ್ 9, ಮಧ್ಯಾಹ್ನ

ಇವತ್ತು ಟರ್ನಾನಳನ್ನು ನೀರಿಂದ ಎತ್ತಿ ದೋಣಿಮನೆಗೆ ಸೇರಿಸುವ ದಿನ. ಯಾರೂ ಹೇಳಿ ಕಳಿಸಿರಲಿಲ್ಲ. ಆದರೂ ಹೋದೆ. ಯಾರೂ ಇಲ್ಲದಿದ್ದರೆ ಹಗ್ಗ ಬಿಗಿಮಾಡಿ, ಒಳಗಿನ ನೀರು ತೋಡಿ ಬರೋಣ ಅಂತ.

ಇಳಿಜಾರಿನ ಮೇಲಿಂದಲೇ ಕಂಡರು. ಆರು ಜನ, ದೋಣಿಯ ಎರಡೂ ಬದಿ ಮೂರು ಮೂರು, ಮೊಣಕಾಲುದ್ದ ನೀರಲ್ಲಿ. ಬಿಸಿಲು ಅವರ ಸುತ್ತ ಚೂರು ಚೂರಾಗಿ ಕುಣಿಯುತ್ತಿತ್ತು. ಸುನ್ವಾ ಮುಂದಿದ್ದಳು. ಹಿಂದಿನ ಬದಿ ಎಲ್ಸ್ಪಾ, ಕೆಟ್ಟ ಭುಜವನ್ನು ಹೊರಗೆ ಮಾಡಿಕೊಂಡು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ.

ನೀರಿನ ಅಂಚಿಗೆ ಬಂದು ನಿಂತೆ. ಶೂ ಒದ್ದೆಯಾಯಿತು.

ಎಲ್ಸ್ಪಾ ನನ್ನ ಕಡೆ ತಿರುಗಲಿಲ್ಲ. ದೋಣಿಯ ಹಲಗೆಗೇ ಹೇಳಿದಳು, "ಮೂರು ಸಲ ಎತ್ತೋಕೆ ನೋಡಿದ್ವಿ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎತ್ತಿ, ಕೆಳಗೆ ಹಾಕಿದ್ವಿ."

"ನೀನು ಎತ್ತಬಾರ್ದು. ಭುಜ," ಅಂದೆ.

"ಹುಟ್ಟು ಮುಟ್ಟಬೇಡ ಅಂದಿದಾರೆ. ದೋಣಿ ಮುಟ್ಟಬೇಡ ಅಂದಿಲ್ಲ." ಆಮೇಲೆ ಮುಖ ನನ್ನ ಕಡೆ ಬಂತು. ಕೆಂಪಗಿತ್ತು. ಪೂರ್ತಿ ತಿಳಿಯಾಗಿರಲಿಲ್ಲ. "ಏನಾದ್ರೂ ಹೇಳು ಅತ್ತೆ. ಎಲ್ಲರೂ ಒಟ್ಟಿಗೆ ಎತ್ಬೇಕು. ಯಾವುದಾದ್ರೂ ಸರಿ. ಇಲ್ಲಿ ಸೆಕೆಂಡ್ ಎಣಿಸೋರು ಯಾರೂ ಇಲ್ಲ."

ಸುನ್ವಾ ಮುಂದಿನಿಂದ ತಿರುಗಿ ನೋಡಿದಳು. ಮೂಗು ಸುಕ್ಕಾಗಿತ್ತು.

ಹನ್ನೆರಡು ಕೈ ದೋಣಿಯ ಕೆಳಗೆ ಹೋದವು. ಕಾದವು. ಗಾಳಿಯೂ ನಿಂತಿತ್ತು. ಬಾಯಿ ತೆರೆದೆ, ಬಂದ ಮಾತು ಬಂತು, ದೋಣಿ ಒಮ್ಮೆಲೇ ನೀರು ಬಿಟ್ಟು ಎದ್ದಿತು.